ಬೆಚ್ಚನ್ನ ಖೋಲಿ

ನಮ್ಮೂರು ಕಮಲಾಪುರ ಎಂದ ಕೂಡಲೇ ಕಲಬುರಗಿಯವರು ಕೇಳುವ ಪ್ರಶ್ನೆ ಒಂದೇ: "ಕೆಂಬಾಳಿಹಣ್ಣು ತಂದಿಲ್ಲೇನ್ರಿ ಟೀಚರ?" ಶಾಲೆಯಲ್ಲಿ ಕಲಿಸುತ್ತಿದ್ದ ಕಾಲದುದ್ದಕ್ಕೂ ಇದನ್ನು ಕೇಳಿ ಕೇಳಿ ಸಾಕಾಗಿ, "ಹಣ್ಣು ತಂದಿಲ್ರಿ, ನಾನೇ ಬಂದೀನಿ, ಸಾಲಂಗಿಲ್ಲೇನು?" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನಾನು ಆ ಹಣ್ಣು ತಿನ್ನುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿರಲಿಲ್ಲ. ಗೊತ್ತಾದವರು, ತೋಟದವರ ಮಗಳಿಗೆ ತಿಂದು ತಿಂದು ಬೇಸರ ಬಂದಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದರು.

ಮೊನ್ನೆ ನನ್ನ ತಮ್ಮನ ಮಗ ಊರಿಂದ ಬಂದವನು ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯ ಮೇಜಿನ ಮೇಲೆ ಒಂದು ಚಿಪ್ಪು ಕೆಂಬಾಳೆ ಇಟ್ಟ. "ಅತ್ತಿ, ಇದು ಅಂಗಡಿ ಮಾಲಲ್ಲ. ಹಳೇ ಪದ್ಧತ್ಯಾಗ ಹೊಗಿ ಹಾಕಿ ಹಣ್ಣ್ ಮಾಡ್ಸೀನಿ" ಎಂದು ಹೆಮ್ಮೆಪಟ್ಟ. ಹತ್ತಿರ ಹೋದೆ. ಸಿಪ್ಪೆಯಲ್ಲಿ ಸಗಣಿ ಕುಳ್ಳಿನ ಹೊಗೆಯ ವಾಸನೆ ಇತ್ತು. ನಾನು ಎದ್ದುಹೋಗಿ ಮನೆಯ ಕಿಟಕಿಗಳನ್ನೆಲ್ಲ ತೆರೆದೆ. "ಅತ್ತಿ, ಥಂಡಿ ಬರ್ತದಲ್ಲ!" ಎಂದ. "ಬರ್ಲಿ ಬಿಡೋ" ಎಂದೆ. ಅತ್ತೆಗೆ ಅರಳು ಮರಳು ಶುರುವಾಯಿತು ಎಂದು ಹುಡುಗನಿಗೆ ಅನಿಸಿರಬೇಕು. ಅನಿಸಲಿ. ಆ ವಾಸನೆ ನನ್ನನ್ನು ಎಲ್ಲಿಗೆ ಎಳೆದುಕೊಂಡು ಹೋಯಿತು ಎಂಬುದನ್ನು ಅವನಿಗೆ ಎಲ್ಲಿಂದ ಹೇಳಲಿ?

ಅದು ಪೊಲೀಸ್ ಆ್ಯಕ್ಷನ್ ಆದ ವರ್ಷದ ಚಳಿಗಾಲ. ಅದಕ್ಕೂ ಮುಂಚಿನ ಬೇಸಿಗೆ, ಮಳೆಗಾಲ ಪೂರಾ ನಾವು ರಜಾಕಾರರ ಭಯದಲ್ಲಿ ಕಳೆದಿದ್ದೆವು. ಸಂಜೆಯಾದರೆ ಮನೆಗೆ ಬೀಗ ಹಾಕಿ, ಅಪ್ಪ, ಅವ್ವ, ನಾನು, ನನ್ನ ಪುಟ್ಟ ತಮ್ಮ ಶಿವು, ನಾಲ್ವರೂ ನಮ್ಮ ಬಾಳೆತೋಟದ ನಡುವೆ ಹೋಗಿ ಮಲಗುತ್ತಿದ್ದೆವು. ಒದ್ದೆ ನೆಲ, ಮೇಲೆ ಹನಿಯುವ ಎಲೆ. ಶಿವುಗೆ ಅಲ್ಲಿಯೇ ಕೆಮ್ಮು ಹತ್ತಿತು. ಭಾದ್ರಪದದಲ್ಲಿ ಭಾರತದ ಸೈನ್ಯ ಬಂತು, ನಿಜಾಮನ ರಾಜ್ಯ ಮುಗಿಯಿತು, ನಾವು ಮನೆಯೊಳಗೆ ಮಲಗತೊಡಗಿದೆವು. ಆದರೆ ಭಯವೇನೂ ಊರು ಬಿಟ್ಟು ಹೋಗಲಿಲ್ಲ, ಮನೆ ಬದಲಾಯಿಸಿತು ಅಷ್ಟೆ. ನಮ್ಮ ಓಣಿಯಿಂದ ಎದ್ದು ಚಾಂದಸಾಬನ ಓಣಿಗೆ ಹೋಗಿ ಕುಳಿತಿತು.

ಚಾಂದಸಾಬ ಹಣ್ಣಿನ ವ್ಯಾಪಾರದ ಬಾಗವಾನರವನು, ನಮ್ಮೂರಲ್ಲೊಂದು, ಕಲಬುರಗಿಯಲ್ಲೊಂದು ಮನೆ ಇದ್ದವನು. ದಸರೆ ಮುಗಿದ ಮೇಲೆ ಬಂಡಿ ಕಟ್ಟಿಕೊಂಡು ಬಂದು, ನಮ್ಮ ತೋಟದ ಬಲಿತ ಗೊನೆಗಳನ್ನು ತಾನೇ ಕಡಿದು, ಹಸಿಯಾಗಿಯೇ ಕಲಬುರಗಿಯ ಶಹಾಬಜಾರಿಗೆ ಒಯ್ಯುತ್ತಿದ್ದ. ಅಲ್ಲಿ ತನ್ನ ಮನೆಯ ಹಿಂದಿನ ಖೋಲಿಯಲ್ಲಿ ಹಣ್ಣಿಗೆ ಹಾಕಿ ಮಾರುತ್ತಿದ್ದ. ನಮ್ಮಪ್ಪ ಕಲ್ಲಪ್ಪನಿಗೂ ಅವನಿಗೂ ಅಣ್ಣತಮ್ಮಂದಿರ ಸಲಿಗೆ. "ಕಾಯಿ ನಮ್ದು, ಹಣ್ಣು ಚಾಂದಭಾಯಿದು" ಎಂದು ಅಪ್ಪ ನಗುತ್ತಿದ್ದ. ಅದು ನಗೆಚಾಟಿಕೆ ಮಾತ್ರವಲ್ಲ, ಖರೆಯೇ ಆಗಿತ್ತು. ಗಿಡ ನೆಟ್ಟು ಗೊನೆ ಬಲಿಯುವವರೆಗೆ ನಮಗೆ ಗೊತ್ತು. ಆ ಮುಂದಿನದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವನ ಖೋಲಿಯ ಒಳಗೆ ನಮ್ಮವರು ಒಬ್ಬರೂ ಇಣುಕಿದವರಲ್ಲ.

ಆ ವರ್ಷ ಚಾಂದಸಾಬ ಬರಲಿಲ್ಲ. ಅವನು ಯಾರಿಗೂ ಒಂದು ಕಡ್ಡಿ ಕೇಡು ಬಗೆದವನಲ್ಲ, ಆದರೆ ರಜಾಕಾರರ ಮೇಲಿನ ಸೇಡನ್ನು ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಅದನ್ನೆಲ್ಲ ಕೇಳುವವರು ಯಾರು? ಕಮಲಾಪುರದ ಅವನ ಮನೆಗೆ ಬೀಗ ಬಿದ್ದಿತ್ತು. ಶಹಾಬಜಾರದಲ್ಲಿ ಇದ್ದಾನೆ ಎಂದು ಕೆಲವರು, ಹೈದರಾಬಾದಿಗೆ ಹೋದ ಎಂದು ಕೆಲವರು. ಇತ್ತ ಗೊನೆಗಳು ಬಲಿತು ಬಾಗಿದವು. ಸಂತೆಗಳಲ್ಲಿ ಹಸಿ ಗೊನೆ ಕೇಳುವವರಿಲ್ಲ. ಅಪ್ಪ ಕಟ್ಟೆಯ ಮೇಲೆ ತಲೆಗೆ ಕೈ ಕೊಟ್ಟು ಕುಳಿತಾಗ ಅವ್ವ ಒಳಗಿನಿಂದಲೇ ಹೇಳಿದಳು: "ಬೆಳ್ಸಾಕ ಬಂದವ್ರಿಗಿ ಹಣ್ಣ್ ಮಾಡಾಕ ಬರಂಗಿಲ್ಲೇನು? ಹಿಂದಿನ ಖೋಲಿ ಖಾಲಿ ಮಾಡಿ ಕೊಡ್ರಿ ನನಗ. ನಾ ಮಾಡ್ತೀನಿ."

ನಮ್ಮವ್ವ ಹಾಗೆಯೇ. ಯಾವುದನ್ನೂ ತನ್ನಿಂದ ಆಗದು ಎಂದವಳಲ್ಲ. ಹಿಂದಿನ ಖೋಲಿ ಎಂದರೆ ಮೇವು ತುಂಬುವ ಕೋಣೆ. ಕಲ್ಲಿನ ಗೋಡೆ, ಕಲ್ಲಿನ ಮಾಳಿಗೆ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅವ್ವ ಹಗ್ಗ ಕಟ್ಟಿಸಿ ಗೊನೆಗಳನ್ನು ತೂಗುಹಾಕಿಸಿದಳು. ಮೂಲೆಯಲ್ಲಿ ಕುಣಿ ತೋಡಿಸಿ, ಅದರಲ್ಲಿ ಕುಳ್ಳು, ಹೊಟ್ಟು ಹಾಕಿ ಉರಿಯೇಳದಂತೆ ಸಣ್ಣಗೆ ಹೊಗೆಯಾಡಲು ಬಿಟ್ಟಳು. ಶಾಖ ಹೊರಗೆ ಹೋಗಬಾರದೆಂದು ಬೆಳಕಿಂಡಿಗೆ ಗೋಣಿಚೀಲ ತುರುಕಿದ್ದಾಯಿತು. ಬಾಗಿಲಿಗೂ ಒಂದು ಗೋಣಿಪಟ್ಟಿ. ಹಣ್ಣಿಗೆ ಹೊಗೆ ಬೇಕು, ಬಿಸಿ ಬೇಕು ಎಂಬಷ್ಟು ನಾವು ಕೇಳಿ ಬಲ್ಲೆವು. ಎಷ್ಟು, ಎಷ್ಟು ಹೊತ್ತು ಎಂಬುದು ಚಾಂದಸಾಬನ ಹೊಟ್ಟೆಯಲ್ಲಿತ್ತು.

ಆ ಚಳಿಗಾಲದ ಅವ್ವನ ದಿನ ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಂಗಳ ಗುಡಿಸುವಾಗ ಅವಳ ಬಾಯಿಂದ ಬಿಳಿ ಉಸಿರು ಹೊರಡುತ್ತಿತ್ತು. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಹೆಸರಿದೆ, ಚಳಿಯ ಮಾತು ಯಾರೂ ಎತ್ತುವುದಿಲ್ಲ. ಆದರೆ ಆ ವರ್ಷ ಬಾವಿಯ ಹಗ್ಗ ಹಿಡಿದರೆ ಅಂಗೈ ಜೋಮು ಹಿಡಿಯುತ್ತಿತ್ತು. ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಅಪ್ಪನಿಗೆ ಬುತ್ತಿ ಕಟ್ಟಿ ಅವ್ವ ಖೋಲಿಗೆ ಹೋಗುತ್ತಿದ್ದಳು. ಕೆಂಬಾಳೆಯದೊಂದು ಮೋಸವಿದೆ: ಅದು ಕಾಯಿದ್ದಾಗಲೂ ಕೆಂಪೇ. ಹಳದಿ ಬಾಳೆಯ ಹಾಗೆ ಬಣ್ಣ ನೋಡಿ ಹಣ್ಣಾಗಿದೆ ಎನ್ನುವಂತಿಲ್ಲ, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಬೇಕು, ಮೂಸಬೇಕು. ಅವ್ವ ಸೆರಗನ್ನು ತಲೆಗೆ ಬಿಗಿದುಕೊಂಡು ಒಂದೊಂದೇ ಗೊನೆಯನ್ನು ಒತ್ತಿ, ಮೂಸಿ, "ಏನವ್ವಾ, ಇನ್ನಾ ಮುನಿಸೇನು ನಿಂದು?" ಎಂದು ಮಾತನಾಡಿಸುತ್ತಿದ್ದಳು. ಚಳಿಗೆ ಹಣ್ಣು ಬೇಗ ಆಗುತ್ತಿರಲಿಲ್ಲ. ಆದ್ದರಿಂದ ಕುಣಿ ಆರದಂತೆ ಹಗಲೂ ರಾತ್ರಿಯೂ ಹೊಟ್ಟು ಹಾಕುವುದೇ ಒಂದು ಕೆಲಸವಾಯಿತು.

ಶಿವುನ ಕೆಮ್ಮು ಜೋರಾಗಿದ್ದು ಆಗಲೇ. ಕೆಮ್ಮಿ ಕೆಮ್ಮಿ ಅವನ ಕಣ್ಣು ಕೆಂಪಾಗುತ್ತಿದ್ದವು. ಅವ್ವ ಅಜವಾನದ ಕಷಾಯ ಕುಡಿಸಿದಳು, ಬಿಸಿ ಮಾಡಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಇಟ್ಟಳು. ಕೊನೆಗೆ ಅವನನ್ನು ಮಡಿಲಲ್ಲಿ ಹಾಕಿಕೊಂಡು ಬೆಚ್ಚಗಿದ್ದ ಖೋಲಿಯಲ್ಲಿ ಕುಳಿತಳು. ನಮ್ಮಲ್ಲಿ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದು, ಕೂಸಿಗೆ ಮೀಸಿದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಅಜವಾನ ಹಾಕಿ ಹೊಗೆ ಕೊಡುವುದು ತಲೆತಲಾಂತರದ ಪದ್ಧತಿ. ಬೆಂಕಿ, ಹೊಗೆ ಎರಡೂ ನಮಗೆ ಔಷಧ. ಅಡುಗೆಮನೆಯ ಒಲೆಯ ಹೊಗೆ ಮಾತ್ರ ಹೊಗೆ. ಖೋಲಿಯದಕ್ಕೆ ಆ ಹೆಸರೇ ಇಲ್ಲ. ಹೀಗೆ ಕೆಲವು ದಿನ ಕುಳಿತ ಮೇಲೆ ಶಿವುನ ಕೆಮ್ಮು ಇಳಿಯಿತು. ಇಳಿಯುವ ಕಾಲ ಬಂದಿತ್ತೋ ಏನೋ, ಇಳಿಯಿತು. ಊರಿಗೆಲ್ಲ ಹಬ್ಬಿತು: ಕಲ್ಲಪ್ಪನ ಮನೆಯ ಬಾಳೆಖೋಲಿ ಕೂಸನ್ನು ಉಳಿಸಿತು.

ಅದಕ್ಕೇ ಅವ್ವನಿಗೆ ಕೆಮ್ಮು ಹತ್ತಿದಾಗ ಯಾರೂ ಎರಡನೆಯ ವಿಚಾರ ಮಾಡಲಿಲ್ಲ. ಮೊದಲು ಬರೀ ಗಂಟಲ ಕೆರೆತ. ಆಮೇಲೆ ಎಮ್ಮೆ ಹಿಂಡುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳತೊಡಗಿದಳು. ರೊಟ್ಟಿ ಬಡಿಯುವ ಸಪ್ಪಳ ತಡೆತಡೆದು ಬರುತ್ತಿತ್ತು. ಒಂದು ದಿನ ಅಪ್ಪ ಅವಳ ಕೈಯಿಂದ ಹಿಟ್ಟಿನ ಪರಾತ ಕಸಿದು ನನ್ನ ಮುಂದೆ ಇಟ್ಟ.

"ಇವತ್ತಿಂದ ಅಡಿಗಿ ನಿಂಗವ್ವಂದು. ನೀ ಒಲಿ ಮುಂದ ಕುಂದ್ರಬ್ಯಾಡ, ನೀರಾಗ ಕೈ ಹಾಕಬ್ಯಾಡ. ಹೋಗಿ ಬೆಚ್ಚನ್ನ ಖೋಲ್ಯಾಗ ಮಕ್ಕೋ" ಎಂದ ಅವ್ವನಿಗೆ.

"ಹಗಲ್ಹೊತ್ತು ಮಕ್ಕೊಂಡ್ರ ಜನಾ ಏನಂದಾರು?" ಎಂದಳು ಅವ್ವ.

"ಸಂಕ್ರಾಂತಿ ತನಕ ಅನ್ಲಿ. ಸಂಕ್ರಾಂತಿ ದಾಟಿದ್ರ ಥಂಡಿ ದಾಟ್ತದ. ಅಲ್ಲಿ ತನಕ ನಿನ್ನ ಕಾಯೋದು ನಂದು."

ಅವನು ಕಾಯ್ದ. ಗಂಡಸರು ಹೆಂಡತಿಯ ಹಾಸಿಗೆ ಮುಟ್ಟುವುದನ್ನು ನಾಚಿಕೆ ಎನ್ನುತ್ತಿದ್ದ ಕಾಲದಲ್ಲಿ ನಮ್ಮಪ್ಪ ತಾನೇ ಹೊರಸು ಹೊತ್ತು ಖೋಲಿಯೊಳಗೆ ಇಟ್ಟ. ಕುಣಿಯ ಹತ್ತಿರವೇ ಇಟ್ಟ, ಶಾಖ ಚೆನ್ನಾಗಿ ತಾಗಲಿ ಎಂದು. ತೋಟದಿಂದ ಬಂದವನು ಕೈಕಾಲು ತೊಳೆಯುವ ಮೊದಲು ಕುಣಿಗೆ ಹೊಟ್ಟು ಹಾಕುತ್ತಿದ್ದ. ಬಾಗಿಲ ಗೋಣಿಪಟ್ಟಿಯ ಅಂಚಿಗೆ ಕಲ್ಲು ಹೇರುತ್ತಿದ್ದ, ಗಾಳಿ ನುಗ್ಗಬಾರದೆಂದು. ಅವ್ವನ ಕಾಲಿಗೆ ತನ್ನ ಕಂಬಳಿ ಹೊದಿಸಿ, ತಾನು ಹೊರಗೆ ಪಡಸಾಲೆಯಲ್ಲಿ ಹರಕು ಕೌದಿಯಲ್ಲಿ ನಡುಗುತ್ತ ಮಲಗುತ್ತಿದ್ದ. ಪ್ರೀತಿ ಎಂಬ ಮಾತನ್ನು ಅವನು ಜೀವಮಾನದಲ್ಲಿ ಆಡಿದವನಲ್ಲ. ನಾನು ಪ್ರೀತಿ ಎಂದರೆ ಏನು ಎಂದು ಕಲಿತದ್ದು ಆ ಹೊಟ್ಟು ಹಾಕುವ ಕೈ ನೋಡಿ.

ಅವ್ವನಿಗೆ ಗುಣವಾಗುತ್ತಿದೆ ಎಂದೇ ನಾವು ತಿಳಿದಿದ್ದೆವು. ಅವಳ ಗಲ್ಲ ಕೆಂಪೇರಿದ್ದವು. ಪಕ್ಕದ ಮನೆಯ ಮುದುಕಿ ಬಂದು ನೋಡಿ, "ಮಾರಿ ಮ್ಯಾಲ ಕಳಿ ಬಂದದ ನೋಡವ್ವಾ" ಎಂದು ದೃಷ್ಟಿ ತೆಗೆದು ಹೋದಳು. ಅವ್ವ ಮಾತ್ರ, "ತಲಿ ದಿಮ್ಮಂತದ ನಿಂಗೂ, ಜರಾ ಹೊರಗ ಕರ್ಕೊಂಡು ಹೋಗು" ಎನ್ನುತ್ತಿದ್ದಳು. ನಾನು ಅವಳನ್ನು ಅಂಗಳಕ್ಕೆ ತಂದು ಕೂರಿಸಿದರೆ ತಣ್ಣನೆಯ ಗಾಳಿಗೆ ಕೆಮ್ಮು ಕಿತ್ತುಕೊಂಡು ಬರುತ್ತಿತ್ತು. ಎಲ್ಲರೂ, "ನೋಡು, ಥಂಡಿಗೆ ಬಂದ ಕೂಡ್ಲೇ ಹೆಂಗ ಆಗ್ತದ" ಎನ್ನುತ್ತ ಮತ್ತೆ ಒಳಗೆ ಕಳಿಸುತ್ತಿದ್ದರು.

ಕೆಮ್ಮು ಇಳಿಯದಾದಾಗ ಅಪ್ಪ ಬಂಡಿ ಕಟ್ಟಿದ. ಅವ್ವನ ತವರು ಕಲಬುರಗಿಯ ಬ್ರಹ್ಮಪುರ. ಅಲ್ಲಿ ನಮ್ಮ ಸೋದರಮಾವ ಇದ್ದ. ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ, ಅವ್ವನನ್ನು ಮಲಗಿಸಿ, ನಾವೆಲ್ಲ ಹೊರಟೆವು. ಸೋದರಮಾವನ ಓಣಿಯಲ್ಲಿ ಹೊಸದಾಗಿ ದವಾಖಾನೆ ತೆರೆದಿದ್ದ ಒಬ್ಬ ಡಾಕ್ಟರರಿದ್ದರು, ಹೊರಗಿನ ಸೀಮೆಯಿಂದ ಬಂದವರು, ತಾಳ್ಮೆಯ ಮನುಷ್ಯ. ಅವ್ವನ ಬೆನ್ನ ಮೇಲೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅಪ್ಪನನ್ನು ಕೇಳಿದರು:

"ಮನೆಯಲ್ಲಿ ಹೊಗೆ ಬಹಳವೇ? ಒಲೆ ಮುಂದೆ ಕೂರ್ತಾರಾ?"

"ಇಲ್ಲರೀ ಸಾಹೇಬ್ರ" ಎಂದ ಅಪ್ಪ ಕೈ ಮುಗಿದು. "ಒಲಿ ಸನೇಕ ಬಿಡಂಗೇ ಇಲ್ಲರಿ. ಅಡಿಗಿ ಎಲ್ಲಾ ಮಗಳು ಮಾಡ್ತಾಳ. ಈಕೀನ್ನ ಬೆಚ್ಚನ್ನ ಖೋಲ್ಯಾಗ ಇಟ್ಟೀವ್ರಿ, ಗಾಳಿ ತಾಗದಂಗ."

"ಒಳ್ಳೇದು ಮಾಡಿದಿರಿ" ಎಂದರು ಡಾಕ್ಟರು. "ಚಳಿಗೆ ಬಿಡಬೇಡಿ."

ನಾನು ಪಕ್ಕದಲ್ಲಿಯೇ ನಿಂತಿದ್ದೆ. ಅಪ್ಪ ಸುಳ್ಳು ಹೇಳಿದ ಎಂದು ನನಗೆ ಅನಿಸಲಿಲ್ಲ, ಅವ್ವನಿಗೂ ಅನಿಸಲಿಲ್ಲ. ಅಪ್ಪನಂತೂ ದೇವರ ಮುಂದೆ ನಿಂತವನ ಹಾಗೆ ಉಸುರಿದ್ದ.

ಬ್ರಹ್ಮಪುರದಲ್ಲಿ ಅವ್ವ ಅರಳಿದಳು. ಮಾಮನ ಮನೆಯ ಮಾಳಿಗೆಯ ಮೇಲೆ ಎಳೆಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಮಾಮಿ ಅವಳನ್ನು ಅಲ್ಲಿ ಕೂರಿಸಿ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಎರಡನೆಯ ದಿನಕ್ಕೇ ಅವ್ವ ಮಾಳಿಗೆಯಿಂದ ಬಗ್ಗಿ, ಓಣಿಯಲ್ಲಿ ಆಡುತ್ತಿದ್ದ ಶಿವುನನ್ನು ಒಂದೇ ಉಸಿರಿಗೆ ಕೂಗಿ ಕರೆದಳು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅಪ್ಪ ಡಾಕ್ಟರರ ಕೆಂಪು ಔಷಧದ ಸೀಸೆಯನ್ನು ಕಣ್ಣಿಗೆ ಒತ್ತಿಕೊಂಡ. ಔಷಧವೇ ಇರಬೇಕು ಎಂದುಕೊಂಡೆವು, ಮತ್ತೇನು ಅಂದುಕೊಳ್ಳುವುದು?

ಆ ದಿನಗಳಲ್ಲೇ ಅಪ್ಪ ನನ್ನನ್ನು ಕರೆದುಕೊಂಡು ಶಹಾಬಜಾರಿಗೆ ಹೋದ. ಚಳಿಗೆ ಹಣ್ಣುಗಳು ಕಪ್ಪಿಡುತ್ತಿದ್ದವು, ಹೊಗೆ ಹೇಗೆ ಹಾಕಬೇಕು ಎಂದು ಚಾಂದಸಾಬನನ್ನೇ ಕೇಳಿಬಿಡೋಣ ಎಂದು. ನನ್ನ ಕೈಯಲ್ಲಿ ನಮ್ಮ ಖೋಲಿಯ ಒಂದು ಚಿಪ್ಪು ಹಣ್ಣು ಇತ್ತು. ಇಕ್ಕಟ್ಟಾದ ಗಲ್ಲಿ, ಮುಚ್ಚಿದ ಅಂಗಡಿಗಳು. ಅಪ್ಪ ಬಾಗಿಲು ಬಡಿದು ಕರೆದ: "ಚಾಂದಭಾಯಿ, ನಾನೋ, ಕಲ್ಲಪ್ಪ, ಕಮಲಾಪುರದಾಂವ. ಬಾಗಲಾ ತಗಿ." ಒಳಗೆ ಒಂದು ಕೂಸು ಅಳಲು ತೊಡಗಿತು, ಯಾರೋ ಬಾಯಿ ಒತ್ತಿ ಹಿಡಿದ ಹಾಗೆ ಅಳು ಅರ್ಧಕ್ಕೇ ನಿಂತಿತು. ಅಪ್ಪ ಕೈ ಕೆಳಗಿಳಿಸಿದ. ಒಳಗಿನವರಿಗೆ ಕೇಳುವಂತೆ ಗಟ್ಟಿಯಾಗಿ ನನಗೆ ಹೇಳಿದ: "ಊರಾಗಿಲ್ಲ ಕಾಣ್ತದ ನಿಂಗವ್ವಾ. ನಡಿ ಹೋಗಮು." ಹಣ್ಣಿನ ಚಿಪ್ಪನ್ನು ಹೊಸ್ತಿಲ ಮೇಲೆ ಇಟ್ಟು ತಿರುಗಿ ನೋಡದೆ ಬಂದ. ದಾರಿಯಲ್ಲಿ, "ನಾವೂ ಹಿಂಗೇ ಕುಂತಿದ್ವಲ್ಲ ತ್ವಾಟದಾಗ" ಎಂದ, ಅಷ್ಟೆ.

ಮಾಮಿ, "ಇನ್ನ ನಾಕ ದಿನಾ ಇರ್ರಿ ಯಕ್ಕಾ, ಈಗ ಜರಾ ಚೇತರಿಸೀರಿ" ಎಂದು ಅಂಗಲಾಚಿದಳು. ಅವ್ವ ಕೇಳಲಿಲ್ಲ. ಎಳ್ಳಮಾಸೆ ಹತ್ತಿರ ಬಂದಿತ್ತು. ನಮ್ಮ ಸೀಮೆಯಲ್ಲಿ ಎಳ್ಳಮಾಸೆಗೆ ಒಕ್ಕಲುತನದ ಮನೆಯ ಹೆಂಗಸು ಹೊಲಕ್ಕೆ ಅಡುಗೆ ಒಯ್ದು ಚರಗ ಚೆಲ್ಲದೆ ಇರುವುದುಂಟೇ? ಭೂತಾಯಿಗೆ ಉಣಿಸದೆ ತಾನು ಉಣ್ಣುವುದುಂಟೇ? "ಭೂಮಿತಾಯಿ ಹಸ್ಕೊಂಡು ಕುಂತಾಳ, ನಾ ಇಲ್ಲಿ ಎಣ್ಣಿ ಹಚ್ಚಿಸಿಕೊಂತ ಕುಂದ್ರಲೇನು?" ಎಂದಳು. ನಾವು ಮರಳಿದೆವು. ಖೋಲಿ ತಣ್ಣಗಾಗಿತ್ತು. ಡಾಕ್ಟರರೇ ಹೇಳಿದ್ದಾರಲ್ಲ, ಚಳಿಗೆ ಬಿಡಬೇಡಿ ಎಂದು. ಅಪ್ಪ ಕುಣಿಯನ್ನು ಇನ್ನಷ್ಟು ಆಳ ಮಾಡಿ ಹೊಟ್ಟು ತುಂಬಿದ.

ಎಳ್ಳಮಾಸೆಯ ದಿನ ಅವ್ವ ಹೊಲಕ್ಕೆ ಬರಲಾಗಲಿಲ್ಲ. ಖೋಲಿಯ ಬಾಗಿಲಲ್ಲಿ ಗೋಡೆಗೆ ಒರಗಿ ಕುಳಿತು, ಒಂದೊಂದು ಮಾತಿಗೂ ನಿಂತು ನಿಂತು ನನಗೆ ಕಾಳು, ಸೊಪ್ಪು ಬೇಯಿಸಿ ಮಾಡುವ ಹಬ್ಬದ ಭಜ್ಜಿಯನ್ನು ಹೇಳಿಕೊಟ್ಟಳು. ಯಾವ ಕಾಳು ಮೊದಲು, ಯಾವ ಸೊಪ್ಪು ಆಮೇಲೆ, ಹಿಟ್ಟು ಯಾವಾಗ ಕಲಸಬೇಕು. ನಾನು ಒಲೆಯಿಂದ ಖೋಲಿಗೆ, ಖೋಲಿಯಿಂದ ಒಲೆಗೆ ಓಡಾಡಿದೆ. ಕೊನೆಗೆ ಒಂದು ಬಟ್ಟಲಲ್ಲಿ ಒಯ್ದು ಕೊಟ್ಟಾಗ ರುಚಿ ನೋಡಿ, "ಉಪ್ಪು ಕಮ್ಮಿ ಆಗ್ಯದ. ಆದ್ರೂ ಭೂಮಿತಾಯಿ ಸೈಸ್ಕೋತಾಳ, ಆಕಿಗೂ ಹೆಣ್ಣಮಕ್ಕಳ ಕಷ್ಟಾ ಗೊತ್ತದ" ಎಂದು ನಕ್ಕಳು. ಆ ನಗೆಯ ಹಿಂದೆಯೇ ಕೆಮ್ಮು ಬಂತು. ನಾನು ಬೆನ್ನು ತಿಕ್ಕುತ್ತ ನಿಂತೆ. ಅಪ್ಪ, ಶಿವು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದರು. ಅವ್ವ ಹೊಲಕ್ಕೆ ಹೋಗದ ಎಳ್ಳಮಾಸೆ ಅದೊಂದೇ. ಆಮೇಲಿನ ಎಳ್ಳಮಾಸೆಗಳಿಗೆ ಅವಳೇ ಇರಲಿಲ್ಲ.

ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ನಾನು ಬಿಸಿ ಗಂಜಿ ತೆಗೆದುಕೊಂಡು ಗೋಣಿಪಟ್ಟಿ ಸರಿಸಿ ಒಳಗೆ ಹೋದೆ. ಹೊರಗೆ ಮಂಜು ಹಲ್ಲು ಕಡಿಸುತ್ತಿತ್ತು, ಒಳಗೆ ಬೆಚ್ಚಗೆ. ಮೇಲೆ ಗೊನೆಗಳು ತೂಗುತ್ತಿದ್ದವು, ಹಣ್ಣಿನ ಸಿಹಿ ವಾಸನೆ ತುಂಬಿತ್ತು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಅವ್ವಾ, ಏಳು, ಆರ್ತದ" ಎಂದೆ. ಕೈ ಹಿಡಿದೆ. ಕೈ ಬೆಚ್ಚಗಿತ್ತು. ಅದಕ್ಕೇ ನನಗೆ ತಿಳಿಯಲಿಲ್ಲ. ಅದಕ್ಕೇ ನಾನು ಮತ್ತೆ ಮತ್ತೆ ಎಬ್ಬಿಸಿದೆ, ಗಲ್ಲ ತಟ್ಟಿ ಎಬ್ಬಿಸಿದೆ, ಕೆಂಪಗಿದ್ದ ಗಲ್ಲ. ಹೊರಗೆ ಎಮ್ಮೆಗೆ ಮೇವು ಹಾಕುತ್ತಿದ್ದ ಅಪ್ಪನಿಗೆ, "ಅಪ್ಪಾ, ಅವ್ವ ಏಳವಲ್ಲಳು" ಎಂದು ಕೂಗಿದಾಗಲೂ ಅವಳಿಗೆ ಗಾಢ ನಿದ್ದೆ ಹತ್ತಿದೆ ಎಂದೇ ಅಂದುಕೊಂಡಿದ್ದೆ.

ಯುಗಾದಿಯ ಹೊತ್ತಿಗೆ ಊರುಕೇರಿ ಸ್ವಲ್ಪ ತಣ್ಣಗಾಗಿ ಚಾಂದಸಾಬ ಬಂದ. ಗಡ್ಡ ಬೆಳ್ಳಗಾಗಿತ್ತು. ಅಪ್ಪ ತೋಟದಲ್ಲಿದ್ದ, ಮನೆಯಲ್ಲಿ ನಾನೊಬ್ಬಳೇ. ಸುದ್ದಿ ಅವನಿಗೆ ದಾರಿಯಲ್ಲೇ ಗೊತ್ತಾಗಿತ್ತು. ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತ. ಆಮೇಲೆ ಗೊನೆ ಎಲ್ಲಿ ಹಣ್ಣಿಗೆ ಹಾಕಿದ್ದಿರಿ ಎಂದು ಕೇಳಿ ಹಿಂದಿನ ಖೋಲಿಗೆ ಹೋದ. ಅವ್ವ ತೀರಿದ ಮೇಲೆ ಅಪ್ಪ ಅದರ ಕಡೆ ಹೋಗಿರಲೇ ಇಲ್ಲ. ಎಲ್ಲ ಹಾಗೆಯೇ ಇತ್ತು. ಚಾಂದಸಾಬ ಗೋಣಿಪಟ್ಟಿ ಎತ್ತಿ ಹಿಡಿದು, ಕುಣಿ ನೋಡಿದ, ಬೆಳಕಿಂಡಿಯ ಚೀಲ ನೋಡಿದ, ಕುಣಿಯ ಪಕ್ಕದ ಹೊರಸನ್ನು ನೋಡಿದ.

"ಬೇಟಿ, ಇಲ್ಲಿ ಯಾರವ್ವಾ ಮಕ್ಕೋತಿದ್ರು?"

"ಅವ್ವ" ಎಂದೆ. "ಬೆಚ್ಚಗಿರ್ತದಂತ ಅಪ್ಪ ಇಲ್ಲೇ ಇಟ್ಟಿದ್ದ."

ಚಾಂದಸಾಬ "ಯಾ ಅಲ್ಲಾ" ಎಂದು ಹೊಸ್ತಿಲ ಮೇಲೆ ಕುಸಿದು ಕುಳಿತ. ಅಷ್ಟರಲ್ಲಿ ಅಪ್ಪ ಬಂದ. ಇಬ್ಬರೂ ತಬ್ಬಿಕೊಂಡರು. ಅಪ್ಪ ಹೇಳಿದ: "ಥಂಡಿ ನುಂಗಿಬಿಡ್ತು ನೋಡೋ ಚಾಂದಭಾಯಿ ಆಕೀನ್ನ. ಎಷ್ಟ ಬೆಚ್ಚಗ ಇಟ್ರೂ ನುಂಗಿಬಿಡ್ತು."

ಚಾಂದಸಾಬ ಹೊರಸಿನ ಕಡೆ ಇನ್ನೊಮ್ಮೆ ನೋಡಿದ. ಆಮೇಲೆ, "ಹೌದೋ ಕಲ್ಲಣ್ಣಾ. ಈ ವರ್ಷದ ಥಂಡಿ ಭಾಳ ಕೆಟ್ಟದಿತ್ತು" ಎಂದ. ಆ ದಿನವೇ ತಾನೇ ಮಾಳಿಗೆ ಹತ್ತಿ ಬೆಳಕಿಂಡಿಯ ಚೀಲ ಎಳೆದು ತೆಗೆದ, ಕುಣಿಗೆ ಮಣ್ಣು ತುಂಬಿ ತುಳಿದ. "ಹಣ್ಣಿನ ಕೆಲಸ ನಿಮ್ಗ ಬರಂಗಿಲ್ಲೋ, ಹಣ್ಣಿನ ರುಚಿ ಕೆಡಿಸ್ತೀರಿ. ಮುಂದ ನಾನೇ ಒಯ್ತೀನಿ, ಬ್ಯಾರೇ ಯಾರೂ ಮುಟ್ಟಬ್ಯಾಡ್ರಿ" ಎಂದು ಅಪ್ಪನಿಗೆ ಬೈಯುವ ಹಾಗೆ ಹೇಳಿದ. ಅಪ್ಪ ತಲೆಯಾಡಿಸಿದ.

ನಾನು ಓದಿ, ಶಹಾಬಜಾರದ ಹತ್ತಿರದ ಶಾಲೆಯಲ್ಲಿ ಟೀಚರಾಗಿ ಬಂದ ಮೇಲೆ ಮುದುಕನಾದ ಚಾಂದಸಾಬನ ಮನೆಗೆ ಹೋಗಿ ಬರುತ್ತಿದ್ದೆ. ಒಂದು ದಿನ ಅವನ ಖೋಲಿಯಲ್ಲಿ ಹಣ್ಣಿಗೆ ಹೊಗೆ ಹಾಕುತ್ತಿದ್ದರು. ಹೊಗೆ ತುಂಬಿ, ಎಲ್ಲರೂ ಹೊರಗೆ ಬಂದು, ಬಾಗಿಲ ಸಂದಿಗೆ ಮಣ್ಣು ಮೆತ್ತಿದರು. "ಮತ್ಯಾವಾಗ ಒಳಗ ಹೋಗ್ತೀರಿ?" ಎಂದು ಕೇಳಿದೆ. "ನಾಳಿಗಿ ಬಾಗಲಾ ತಗದು, ಗಾಳಿ ಆಡಿದ ಮ್ಯಾಲ. ಅಲ್ಲಿ ತನಕ ಬೆಕ್ಕಿನ್ನೂ ಬಿಡಂಗಿಲ್ಲವ್ವಾ ಒಳಗ" ಎಂದವನು ತಟ್ಟನೆ ಬಾಯಿ ಮುಚ್ಚಿಕೊಂಡ. ನಾನು ಅವನ ಮುಖ ನೋಡಿದೆ, ಅವನು ನನ್ನದು. ಎಷ್ಟೋ ವರ್ಷಗಳಿಂದ ಎದೆಯ ಮೂಲೆಯಲ್ಲಿ ಕುಳಿತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಂಥ ಉತ್ತರ ಯಾವ ಮಕ್ಕಳಿಗೂ ಸಿಗಬಾರದು.

"ಅವತ್ತ ಕಲ್ಲಣ್ಣ ಬಾಗಲಾ ಬಡದಾಗ ನಾ ಒಳಗೇ ಇದ್ದೆ" ಎಂದ ಚಾಂದಸಾಬ, ಗೋಡೆ ನೋಡುತ್ತ. "ದನಿ ಗುರ್ತ ಸಿಕ್ಕಿತ್ತು. ಹಿಂದ ಯಾರರೆ ಇದ್ರ ಅಂತ ಅಂಜಿದೆ. ಹೊಸ್ತಿಲ ಮ್ಯಾಲಿನ ಹಣ್ಣ ಮೂಸಿದ ಕೂಡ್ಲೇ ತಿಳೀತು, ಹೊಗಿ ಭಾಳ ಆಗ್ಯದ ಅಂತ. ನನ್ನ ತಂಗೆಮ್ಮ, ನಿಮ್ಮವ್ವ, ಅದ್ರಾಗ ಮಕ್ಕೋತಾಳಂತ ನನಗೇನ್ ಗೊತ್ತು ಬೇಟಿ?" ಅವನು ಅತ್ತ. ಅಳು ನಿಂತ ಮೇಲೆ ನನ್ನ ಎರಡೂ ಕೈ ಹಿಡಿದ. "ನಿಮ್ಮಪ್ಪಗ ಹೇಳಬ್ಯಾಡವ್ವಾ. ಥಂಡಿ ಮ್ಯಾಲೇ ಇರ್ಲಿ ಅದು."

ಥಂಡಿಯ ಮೇಲೆಯೇ ಇಟ್ಟೆವು. ಚಾಂದಸಾಬ ತೀರಿಕೊಂಡ, ನಾನೊಬ್ಬಳೇ ಉಳಿದೆ. ಅಪ್ಪ ಮತ್ತೊಂದು ಮದುವೆ ಮಾಡಿಕೊಳ್ಳಲಿಲ್ಲ. ಶಿವು ತೋಟ ನೋಡಿಕೊಳ್ಳುವಂತಾದ ಮೇಲೆ ಅಪ್ಪ ಖೂಬಾ ಪ್ಲಾಟಿಗೆ ನನ್ನ ಹತ್ತಿರ ಬಂದು ಉಳಿದ. ಚಳಿಗಾಲ ಬಂದರೆ ಅವನ ಕಾಟ ಶುರು. ಹೊತ್ತು ಇಳಿಯುವ ಮೊದಲೇ ಕಿಟಕಿಗಳನ್ನೆಲ್ಲ ಮುಚ್ಚುವುದು, ಬಾಗಿಲ ಸಂದಿಗೆ ಬಟ್ಟೆ ತುರುಕುವುದು, ನನ್ನ ಮೈಮೇಲೆ ಚಾದರದ ಮೇಲೆ ಚಾದರ ಹೇರುವುದು. "ಥಂಡಿ ಕೆಟ್ಟದ್ದು ಯವ್ವಾ. ನಿಮ್ಮವ್ವನ್ನ ತಿಂದದ್ದು ಅದೇ." ನಾನು ಮುಚ್ಚಲು ಬಿಡುತ್ತಿದ್ದೆ. ಅವನಿಗೆ ಜೊಂಪು ಹತ್ತಿದ ಮೇಲೆ ಎದ್ದು ಒಂದೊಂದಾಗಿ ತೆರೆಯುತ್ತಿದ್ದೆ. ಬೆಳಿಗ್ಗೆ ಅವನು ಏಳುವ ಮೊದಲು ಮತ್ತೆ ಮುಚ್ಚಿಡುತ್ತಿದ್ದೆ. ಮಕ್ಕಳಿಗೆ ನಿಜ ಹೇಳಿರಿ ಎಂದು ಪಾಠ ಮಾಡುತ್ತಿದ್ದ ಟೀಚರು ನಾನು!

ಅವನ ಕಡೆಯ ಚಳಿಗಾಲ. ಉಸಿರು ಮೇಲುಸಿರಾಗಿತ್ತು. ಡಾಕ್ಟರು ಬಂದು, ಕಿಟಕಿ ತೆಗೆಯಿರಿ, ಗಾಳಿ ಆಡಲಿ ಎಂದು ಹೇಳಿ ಹೋದರು. ನಾನು ಕಿಟಕಿಯ ಹತ್ತಿರ ಹೋದ ಕೂಡಲೇ ಅಪ್ಪ ಕೈಯೆತ್ತಿದ.

"ತಗೀಬ್ಯಾಡ ನಿಂಗವ್ವಾ. ಥಂಡಿ."

ನಾಲಿಗೆಯ ತುದಿಗೆ ಬಂದಿತ್ತು. ಅಪ್ಪಾ, ಥಂಡಿ ಏನೂ ಮಾಡಲಿಲ್ಲ, ತೆಗೆಯಲು ಬಿಡು, ನೀನಾದರೂ ಉಸಿರಾಡು ಎಂದು. ಹೇಳಿದರೆ ಅವನು ಇನ್ನೊಂದು ನಾಲ್ಕು ದಿನ ಉಸಿರಾಡಿಯಾನು. ಆದರೆ ಆ ನಾಲ್ಕು ದಿನವನ್ನು ಅವನು ಯಾವ ಎದೆಯಿಂದ ಕಳೆದಾನು? ನಾನು ಕಿಟಕಿ ಬಿಟ್ಟು ಬಂದು ಅವನ ಹಾಸಿಗೆಯ ಮೇಲೆ ಕುಳಿತೆ. ಅವನು ನನ್ನ ಕೈ ಹುಡುಕಿ ಹಿಡಿದ. ಹೊಟ್ಟು ಹಾಕುತ್ತಿದ್ದ ಕೈ.

"ಒಂದ್ ಮಾತ್ ಹೇಳು" ಎಂದ ಬಿಟ್ಟು ಬಿಟ್ಟು. "ಆ ವರ್ಷ ನಿಮ್ಮವ್ವಗ ಥಂಡಿ ಆಗದಂಗ ನೋಡ್ಕೊಂಡಿದ್ದೆ ಅಲ್ಲಾ ನಾನು?"

"ಹೌದಪ್ಪಾ" ಎಂದೆ. "ಅವ್ವಗ ಒಂದಿನಾನೂ ಥಂಡಿ ಆಗ್ಲಿಲ್ಲ."